ಬೇವಿನ ಮರ ನಿಂತದ್ದೇಕೆ, ಅಳಿಲು ಓಡುವುದೇಕೆ?

[ದೃಶ್ಯ: ಮೇ ತಿಂಗಳ ನಡುಮಧ್ಯಾಹ್ನ. ಕಲಬುರಗಿ ಕೋಟೆಯ ಬಳಿ ಒಂದು ಬೇವಿನ ಮರ, ಕಾಂಡದ ಮೇಲೆ ಅಳಿಲು.]

ನಮಸ್ಕಾರ. ಈ ಸುಡುಬಿಸಿಲಿನಲ್ಲಿ ಮರ ಎಲ್ಲಿಗೂ ಹೋಗುವಂತಿಲ್ಲ. ಅಳಿಲು ನೆರಳಿನ ಕೊಂಬೆ ಹುಡುಕಿ ಹೊಟ್ಟೆ ಚಾಚಿ ಮಲಗಬಹುದು. ಇಷ್ಟು ಬೇರೆ ಬೇರೆಯಾಗಿ ಕಂಡರೂ ಎರಡರ ಜೀವಕೋಶದಲ್ಲೂ ಕೋಶಕೇಂದ್ರವಿದೆ, ಡಿಎನ್‌ಎ ಇದೆ, ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾ ಇದೆ. ನೂರು ಕೋಟಿ ವರ್ಷಗಳಿಗೂ ಹಿಂದೆ ಎರಡಕ್ಕೂ ಒಂದೇ ಮೂಲವಿತ್ತು. ದಾರಿ ಕವಲೊಡೆದದ್ದು ಊಟದ ವಿಷಯದಲ್ಲಿ.

[ದೃಶ್ಯ: ಬೇವಿನ ಎಲೆ, ಹತ್ತಿರದಿಂದ.]

ಬಿಸಿಲು, ನೀರು, ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಇದ್ದರೆ ಎಲೆಯೊಳಗಿನ ಪತ್ರಹರಿತ್ತು ಅಲ್ಲೇ ಸಕ್ಕರೆ ತಯಾರಿಸುತ್ತದೆ. ಊಟ ಇದ್ದಲ್ಲಿಗೇ ಬರುವಾಗ ಓಡಾಟ ಬೇಕಿಲ್ಲ. ಮರದ ಪ್ರತಿ ಕೋಶದ ಸುತ್ತ ಸೆಲ್ಯುಲೋಸ್‌ನ ಗಟ್ಟಿ ಗೋಡೆಯಿದೆ. ಅಷ್ಟೆತ್ತರ ನಿಲ್ಲಲು ಅದೇ ಆಸರೆ. ಅಳಿಲಿನ ಕೋಶಕ್ಕೆ ಗೋಡೆಯಿಲ್ಲ. ಹಣ್ಣು, ಬೀಜ, ಹುಳ ಹುಡುಕಿಕೊಂಡೇ ಹೋಗಬೇಕು. ಹೋಗಲು ಸ್ನಾಯು ಬೇಕು, ಸ್ನಾಯುವಿಗೆ ಅಪ್ಪಣೆ ಕೊಡಲು ನರ ಮತ್ತು ಮಿದುಳು ಬೇಕು. ಹಿಂಗಾಲಿನ ಪಾದವನ್ನು ಹಿಮ್ಮುಖವಾಗಿ ತಿರುಗಿಸಿ ಉಗುರು ಊರುವುದರಿಂದಲೇ ಅದು ತಲೆ ಕೆಳಗಾಗಿ ಸರಸರನೆ ಇಳಿಯುತ್ತದೆ. ಅಂದ ಹಾಗೆ, ಬೆನ್ನಿನ ಪಟ್ಟೆಗಳನ್ನು ಎಣಿಸಿ ನೋಡಿ: ಮೂರು ಪಟ್ಟೆಯದು ಒಂದು ಪ್ರಭೇದ, ಐದು ಪಟ್ಟೆಯದು ಇನ್ನೊಂದು.

ನನಗೆ ಎಲ್ಲಕ್ಕಿಂತ ಬೆರಗು ಹುಟ್ಟಿಸುವುದು ಬೆಳವಣಿಗೆ. ಅಳಿಲಿನ ಮೈ ಒಂದು ಗಾತ್ರಕ್ಕೆ ಬಂದು ನಿಲ್ಲುತ್ತದೆ. ಬಾಚಿಹಲ್ಲು ಮಾತ್ರ ಜೀವನವಿಡೀ ಬೆಳೆಯುತ್ತದೆ, ಕಡಿದು ಕಡಿದು ಸವೆಸಬೇಕು. ಮರ ನಿಲ್ಲುವುದೇ ಇಲ್ಲ. ತೊಗಟೆಯ ಕೆಳಗಿನ ಕೇಂಬಿಯಂ ಎಂಬ ತೆಳು ಪದರ ನೂರು ವರ್ಷ ದಾಟಿದ ಬೇವಿನಲ್ಲೂ ಹೊಸ ಕಟ್ಟಿಗೆ ಕಟ್ಟುತ್ತಿರುತ್ತದೆ. ಕೊಂಬೆ ಕಡಿದರೆ ಸುಪ್ತ ಮೊಗ್ಗು ಎದ್ದು ಚಿಗುರುತ್ತದೆ. ಅಳಿಲಿನ ಕಾಲು ಹೋದರೆ ಹೋಯಿತು.

[ದೃಶ್ಯ: ತೊಗರಿ ಹೊಲ.]

ಅಪಾಯ ಬಂದರೆ ಅಳಿಲು ಚಿಕ್ ಚಿಕ್ ಎಂದು ಕೂಗಿ ಓಡುತ್ತದೆ. ಓಡಲಾಗದ ಬೇವು ರಸಾಯನವನ್ನೇ ಆಯುಧ ಮಾಡಿಕೊಂಡಿದೆ. ಅದರ ಬೀಜದಲ್ಲಿ ಅಜಾಡಿರಾಕ್ಟಿನ್ ಹೇರಳವಾಗಿದೆ. ಅದನ್ನು ತಿಂದ ಹುಳು ಮೇವು ಬಿಡುತ್ತದೆ, ಪೊರೆ ಕಳಚಲಾಗದೆ ಬೆಳವಣಿಗೆ ಕೆಡುತ್ತದೆ. ತೊಗರಿಯ ಕಾಯಿಕೊರಕಕ್ಕೆ ನಮ್ಮ ರೈತರು ಬೇವಿನ ಬೀಜದ ಕಷಾಯ ಸಿಂಪಡಿಸುವುದು ಇದೇ ಕಾರಣಕ್ಕೆ. 5 ಕಿಲೋ ಬೀಜದ ಪುಡಿಯನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ಸೋಸಿ, ಒಟ್ಟು 100 ಲೀಟರ್ ಮಾಡಿಕೊಳ್ಳುತ್ತಾರೆ. ಬಿಸಿಲಿಗೆ ಅಜಾಡಿರಾಕ್ಟಿನ್ ಬೇಗ ಸತ್ವ ಕಳೆದುಕೊಳ್ಳುತ್ತದೆ, ಆದ್ದರಿಂದ ಸಂಜೆ ಸಿಂಪಡಿಸಿ.