ಕಂಪಾಲಾದ ಕರೆಂಟಿನ ಲೆಕ್ಕ

ಕೇಳುಗರಿಗೆ ನಮಸ್ಕಾರ.

ಉಗಾಂಡದ ರಾಜಧಾನಿ ಕಂಪಾಲಾದ ಮನೆಗಳಲ್ಲಿ ಯಾಕಾ ಅನ್ನೋ ಪುಟ್ಟ ಮೀಟರು ಇರುತ್ತದೆ. ಅಲ್ಲಿನ ಲುಗಾಂಡ ಮಾತಿನಲ್ಲಿ ಯಾಕಾ ಅಂದರೆ ‘ಹೊತ್ತಿ ಬೆಳಗು’. ಫೋನಿಗೆ ಕರೆನ್ಸಿ ಹಾಕಿಸಿದ ಹಾಗೆ ಇದಕ್ಕೂ ಮೊದಲೇ ದುಡ್ಡು ಕಟ್ಟಬೇಕು. ಮೊಬೈಲಿನಿಂದ ಹಣ ಕಳಿಸಿದರೆ 20 ಅಂಕಿಯ ನಂಬರು ಬರುತ್ತದೆ. ಅದನ್ನು ಒಂದೊಂದಾಗಿ ಮೀಟರಿನಲ್ಲಿ ಒತ್ತಬೇಕು. ದುಡ್ಡು ಮುಗಿಯಿತೋ, ಟಿವಿಯಲ್ಲಿ ಫುಟ್‌ಬಾಲ್ ಮ್ಯಾಚಿನ ಕೊನೇ ನಿಮಿಷ ನಡೀತಿದ್ದರೂ ಮನೆ ಕತ್ತಲು.

ಈ ಮೀಟರು ತಂದದ್ದು ಉಮೇಮೆ ಕಂಪನಿ. ಸ್ವಾಹಿಲಿಯಲ್ಲಿ ಉಮೇಮೆ ಅಂದರೇನೇ ಕರೆಂಟು.

ಉಗಾಂಡ 2001ರಲ್ಲಿ ತನ್ನ ವಿದ್ಯುತ್ ಮಂಡಳಿಯನ್ನು ಮೂರು ಹೋಳು ಮಾಡಿತು. ಒಂದಕ್ಕೆ ಉತ್ಪಾದನೆ, ಒಂದಕ್ಕೆ ಸಾಗಣೆ, ಇನ್ನೊಂದಕ್ಕೆ ಹಂಚಿಕೆ. ನಮ್ಮ ಕೆಇಬಿ ಹೋಗಿ ಬೆಸ್ಕಾಂ, ಮೆಸ್ಕಾಂ ಬಂದದ್ದೂ ಹೆಚ್ಚುಕಡಿಮೆ ಅದೇ ಕಾಲ ಅಲ್ವಾ? ಅಲ್ಲಿ 2005ರ ಮಾರ್ಚಿನಲ್ಲಿ ಹಂಚಿಕೆಯ ಕೆಲಸ 20 ವರ್ಷಕ್ಕೆ ಉಮೇಮೆ ಕೈಗೆ ಹೋಯಿತು. ಕಂಬ, ತಂತಿ ಸರ್ಕಾರದ್ದೇ. ನಡೆಸುವ ಗುತ್ತಿಗೆ ಮಾತ್ರ ಇವರದು. ದುಡ್ಡು ಹಾಕಿದವರು ಇಬ್ಬರು. ಒಂದು ದಕ್ಷಿಣ ಆಫ್ರಿಕಾದ ಎಸ್ಕಾಂ. ನಮ್ಮ ಎಸ್ಕಾಂ ಅಲ್ಲ, ಅಲ್ಲಿನ ಸರ್ಕಾರಿ ಕಂಪನಿ. ಇನ್ನೊಂದು ಗ್ಲೋಬೆಲೆಕ್. ಆಗ ಇದರ ಯಜಮಾನ ಬಡ ದೇಶಗಳ ಅಭಿವೃದ್ಧಿಗೆಂದು ಬ್ರಿಟನ್ ಸರ್ಕಾರ ಇಟ್ಟುಕೊಂಡ ಹೂಡಿಕೆ ಸಂಸ್ಥೆ, ಸಿಡಿಸಿ.

ಕೆಲಸ ಆಯಿತೇ? ಆಯಿತು, ಸುಳ್ಳು ಹೇಳಬಾರದು. ಶುರುವಿನಲ್ಲಿ 100 ಯೂನಿಟ್ ಕೊಂಡರೆ ಸುಮಾರು 38 ಯೂನಿಟ್ ದಾರಿಯಲ್ಲೇ ಮಾಯ. ಹಳೇ ತಂತಿಯಲ್ಲಿ ಸೋರಿದ್ದಷ್ಟು, ರಾತ್ರಿ ಕೊಕ್ಕೆ ಹಾಕಿ ಎಳೆದದ್ದಷ್ಟು. ಆ ನಷ್ಟ ಬರಬರುತ್ತಾ ಅರ್ಧಕ್ಕಿಂತ ಕಡಿಮೆಗೆ ಇಳಿಯಿತು. 3 ಲಕ್ಷಕ್ಕೂ ಕಡಿಮೆ ಇದ್ದ ಗ್ರಾಹಕರು 20 ಲಕ್ಷ ದಾಟಿದರು.

ಆದರೆ ಗುತ್ತಿಗೆ ಪತ್ರದಲ್ಲಿ ಒಂದು ಸಾಲಿತ್ತು. ಹಾಕಿದ ಬಂಡವಾಳಕ್ಕೆ ವರ್ಷಕ್ಕೆ ನೂರಕ್ಕೆ 20 ಲಾಭ, ಅದೂ ಡಾಲರ್ ಲೆಕ್ಕದಲ್ಲಿ. ಜನ ಬಿಲ್ಲು ಕಟ್ಟುವುದು ಶಿಲ್ಲಿಂಗಿನಲ್ಲಿ. ದರ ತಿದ್ದುವಾಗ ಡಾಲರ್ ಬೆಲೆಯೂ ಲೆಕ್ಕಕ್ಕೆ ಬರುತ್ತಿತ್ತು. ಶಿಲ್ಲಿಂಗು ಬಿದ್ದರೆ ಪೆಟ್ಟು ತಿನ್ನುತ್ತಿದ್ದದ್ದು ಕಂಪನಿಯಲ್ಲ, ಯಾಕಾ ಒತ್ತುವವನು. ನನಗೆ ತಕರಾರಿರುವುದು ಇಲ್ಲೇ. ಹೊರಗಿನ ದುಡ್ಡು ಬರಲಿ, ಬೇಡ ಅನ್ನಲ್ಲ. ಆದರೆ ನಷ್ಟದ ಭಯವೇ ಇಲ್ಲದವರಿಗೆ ಅಷ್ಟು ಲಾಭ ಯಾಕೆ?

ತಮಾಷೆ ಕೇಳಿ. ಎಸ್ಕಾಂ ಬೇಗನೇ ಕೈಬಿಟ್ಟಿತು. 2012ರಲ್ಲಿ ಉಮೇಮೆಯ ಶೇರು ಮಾರುಕಟ್ಟೆಗೆ ಬಂತು. ಮೊದಲಿನ ವಿದೇಶಿ ಹೂಡಿಕೆದಾರರು ಪಾಲು ಮಾರಿ ಹೋದರು. ಕೊನೆಗೆ ದೊಡ್ಡ ಪಾಲುದಾರ ಆದದ್ದು ಯಾರು ಗೊತ್ತಾ? ಉಗಾಂಡದ ಕಾರ್ಮಿಕರ ಭವಿಷ್ಯ ನಿಧಿ, ಅಂದರೆ ಅಲ್ಲಿನ ಪಿಎಫ್ ದುಡ್ಡು. ಬಿಲ್ಲು ಕಟ್ಟುವವನೂ ಅವನೇ, ಆ ಲಾಭದಲ್ಲಿ ಚೂರು ಪಡೆಯುವವನೂ ಅವನೇ.

ಗುತ್ತಿಗೆಯನ್ನು ಸರ್ಕಾರ ಮುಂದುವರಿಸಲಿಲ್ಲ. 2025ರ ಏಪ್ರಿಲ್ 1ರಿಂದ ಹಂಚಿಕೆ ಮತ್ತೆ ಸರ್ಕಾರಿ ಕಂಪನಿಯ ಕೈಯಲ್ಲಿ. ಬಿಟ್ಟುಹೋಗುವವರ ಬಾಕಿ ಬಂಡವಾಳ ವಾಪಸ್ ಕೊಡಬೇಕು ಅಂತಲೂ ಪತ್ರದಲ್ಲಿತ್ತು. ಸರ್ಕಾರ ಬ್ಯಾಂಕ್ ಸಾಲ ಮಾಡಿ ಸುಮಾರು 11.8 ಕೋಟಿ ಡಾಲರ್ ಕೊಟ್ಟಿತು. ಸಾಲದು, ಇನ್ನೂ ಬರಬೇಕು ಅಂದಿತು ಕಂಪನಿ. ಪಂಚಾಯ್ತಿ ಲಂಡನ್ನಿಗೆ ಹೋಯಿತು.

ಕಂಪಾಲಾದಲ್ಲಿ ಅದೇ ಯಾಕಾ, ಅದೇ 20 ಅಂಕಿ. ನಮಸ್ಕಾರ.