ಚಾರ್ಜೇ ಇಲ್ಲದ ಕಣಕ್ಕೂ ಪ್ರತಿಕಣವೇ?

ಕೇಳುಗರಿಗೆಲ್ಲ ನಮಸ್ಕಾರ. ಪ್ರತಿಕಣ ಅಂದರೆ ಚಾರ್ಜ್ ಉಲ್ಟಾ ಇರುವ ಕಣ ಅಂತ ಎಲ್ಲರೂ ಸುಲಭವಾಗಿ ಹೇಳಿಬಿಡುತ್ತಾರೆ. ಎಲೆಕ್ಟ್ರಾನ್ ಮೈನಸ್, ಪಾಸಿಟ್ರಾನ್ ಪ್ಲಸ್. ಸರಿ, ನ್ಯೂಟ್ರಾನಿಗೆ ಏನು ಹೇಳುತ್ತೀರಿ? ಅದಕ್ಕೆ ಚಾರ್ಜೇ ಇಲ್ಲ. ಸೊನ್ನೆಯನ್ನು ಉಲ್ಟಾ ಮಾಡಿದರೂ ಸೊನ್ನೆಯೇ ಅಲ್ವಾ? ಆದರೂ ಪ್ರತಿನ್ಯೂಟ್ರಾನ್ ಅನ್ನುವ ಬೇರೆಯದೇ ಕಣ ಇದೆ. 1956ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಅದು ಸಿಕ್ಕಾಗ, ಒಳಗೆ ಏನಿದೆ ಅಂತ ಯಾರಿಗೂ ಗೊತ್ತಿರಲಿಲ್ಲ.

1964ರಲ್ಲಿ ಗೆಲ್-ಮನ್ ಮತ್ತು ಜ್ವೈಗ್ ಅನ್ನುವ ಭೌತವಿಜ್ಞಾನಿಗಳು ತಮ್ಮ ತಮ್ಮ ದಾರಿಯಲ್ಲೇ ಕ್ವಾರ್ಕ್ ವಿಚಾರಕ್ಕೆ ಬಂದರು. ಕ್ವಾರ್ಕ್ ಅಂದರೆ ನ್ಯೂಟ್ರಾನಿನಂಥ ಕಣಗಳ ಒಳಗಿರುವ ಇನ್ನೂ ಚಿಕ್ಕ ಕಣ. ಅಪ್ ಕ್ವಾರ್ಕಿನ ಚಾರ್ಜ್ ಪ್ಲಸ್ 2/3, ಡೌನ್ ಕ್ವಾರ್ಕಿನದು ಮೈನಸ್ 1/3. ನ್ಯೂಟ್ರಾನಿನಲ್ಲಿ ಒಂದು ಅಪ್, ಎರಡು ಡೌನ್. ಕೂಡಿ ನೋಡಿ, ಸೊನ್ನೆ. ಪ್ರತಿನ್ಯೂಟ್ರಾನಿನಲ್ಲಿ ಒಂದು ಪ್ರತಿ-ಅಪ್, ಎರಡು ಪ್ರತಿ-ಡೌನ್: ಮೈನಸ್ 2/3ಕ್ಕೆ ಎರಡು ಸಲ 1/3 ಸೇರಿಸಿದರೆ ಮತ್ತೆ ಸೊನ್ನೆ. ಮೊತ್ತ ಅದೇ, ಒಳಗಿನ ಸರಕು ಪೂರ್ತಿ ಬೇರೆ. ಅದಕ್ಕೇ ಇವೆರಡೂ ಎದುರಾದರೆ ಸುಮ್ನೆ ಹಾದುಹೋಗದೆ ಎರಡೂ ಅಳಿದು, ಹೆಚ್ಚಾಗಿ ಪಯಾನ್‌ಗಳಾಗಿ ಸಿಡಿದುಬಿಡಬಹುದು.

ಈ ಪಯಾನ್ ಒಂದು ಮೆಸಾನ್, ಅಂದರೆ ಒಂದು ಕ್ವಾರ್ಕ್, ಒಂದು ಪ್ರತಿಕ್ವಾರ್ಕ್ ಸೇರಿದ ಜೋಡಿ. ಪ್ಲಸ್ ಪಯಾನಿನಲ್ಲಿ ಅಪ್ ಮತ್ತು ಪ್ರತಿ-ಡೌನ್. ತಿರುಗಿಸಿದರೆ ಡೌನ್ ಮತ್ತು ಪ್ರತಿ-ಅಪ್, ಅದು ಮೈನಸ್ ಪಯಾನ್. ಚಾರ್ಜ್ ಇಲ್ಲದ ಪಯಾನ್ ಮಾತ್ರ ಅಪ್–ಪ್ರತಿ-ಅಪ್, ಡೌನ್–ಪ್ರತಿ-ಡೌನ್ ಜೋಡಿಗಳ ಮಿಶ್ರಣ. ಎಷ್ಟು ತಿರುಗಿಸಿದರೂ ಅದೇ ಬರುತ್ತದೆ. ತನಗೆ ತಾನೇ ಪ್ರತಿಕಣ!

ಹಾಗಂತ ಚಾರ್ಜ್ ಇಲ್ಲದ ಮೆಸಾನ್‌ಗಳೆಲ್ಲ ಹೀಗೇ ಅಂದುಕೊಳ್ಳಬೇಡಿ. ನನಗೆ ಜಾಸ್ತಿ ಇಷ್ಟವಾದದ್ದು ಇಲ್ಲೇ ಇದೆ. ಕೇಯಾನ್ ಅನ್ನುವ ಇನ್ನೊಂದು ಮೆಸಾನ್ ಇದೆ, ಸ್ಟ್ರೇಂಜ್ ಅನ್ನುವ ಇನ್ನೊಂದು ಬಗೆಯ ಕ್ವಾರ್ಕೂ ಇದೆ. ಚಾರ್ಜ್ ಇಲ್ಲದ ಕೇಯಾನಿನಲ್ಲಿ ಡೌನ್ ಮತ್ತು ಪ್ರತಿ-ಸ್ಟ್ರೇಂಜ್ ಇವೆ. ಅದರ ಪ್ರತಿಕಣದಲ್ಲಿ ಸ್ಟ್ರೇಂಜ್ ಮತ್ತು ಪ್ರತಿ-ಡೌನ್. ಎರಡರ ಚಾರ್ಜೂ ಸೊನ್ನೆ, ಆದರೂ ಒಂದಲ್ಲ. ವಿಚಿತ್ರ ಅಂದರೆ, ಕೇಯಾನ್ ಆಗಿ ಹೊರಟದ್ದು ದಾರಿಯಲ್ಲೇ ತನ್ನ ಪ್ರತಿಕಣವಾಗಿ ಬದಲಾಗಬಹುದು, ಮತ್ತೆ ವಾಪಸ್ಸೂ ಬರಬಹುದು. ಈ ಬೆರಕೆಯಿಂದಾಗಿ ಒಂದು ಅಲ್ಪಾಯುಷಿ ಕೇಯಾನ್, ಇನ್ನೊಂದು ದೀರ್ಘಾಯುಷಿ ಕೇಯಾನ್ ಕಾಣಿಸುತ್ತವೆ. ಕಣಕ್ಕೂ ಪ್ರತಿಕಣಕ್ಕೂ ಪ್ರಕೃತಿ ಒಂದೇ ನಿಯಮ ಇಟ್ಟಿದ್ದರೆ ದೀರ್ಘಾಯುಷಿ ಎಂದೂ ಎರಡೇ ಪಯಾನ್‌ಗಳಾಗಿ ಒಡೆಯಬಾರದು. 1964ರಲ್ಲೇ ಭೌತವಿಜ್ಞಾನಿಗಳಾದ ಕ್ರೋನಿನ್ ಮತ್ತು ಫಿಚ್ ತಂಡದವರು ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ಇದನ್ನು ಪರೀಕ್ಷಿಸಿದರು. ಸುಮಾರು 500ಕ್ಕೆ ಒಂದರಂತೆ ಒಡೆಯಿತು.