ಫ್ಲೋರೈಡ್ ನೀರು, ಮೋಲ್ ಲೆಕ್ಕ

ಕೇಳುಗರಿಗೆ ನಮಸ್ಕಾರ. ಪಿಯುಸಿ ಓದುವ ಮಕ್ಕಳು ಹಾಳೆ, ಪೆನ್ನು ಹಿಡಿದು ಕೂತರೆ ಒಳ್ಳೆಯದು.

ಪಾವಗಡ, ಬಾಗೇಪಲ್ಲಿ, ಮುಳಬಾಗಿಲು ಕಡೆ ಕೊಳವೆಬಾವಿ ನೀರು ಅಂದರೆ ಫ್ಲೋರೈಡಿನ ಮಾತು ಬಂದೇ ಬರುತ್ತದೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಹಾಕಿರುವ ಮಿತಿ ಲೀಟರಿಗೆ 1 ಮಿಲಿಗ್ರಾಂ. ಬೇರೆ ನೀರೇ ಇಲ್ಲದಿದ್ದರೆ 1.5. ಈ ಒಂದೂವರೆ ಮಿಲಿಗ್ರಾಂನಲ್ಲಿ ಫ್ಲೋರೈಡ್ ಅಯಾನುಗಳು, ಅಂದರೆ ವಿದ್ಯುದಾವೇಶ ಹೊತ್ತ ಫ್ಲೋರಿನ್ ಕಣಗಳು, ಎಷ್ಟು?

ಮೊದಲು ಮಿಲಿಗ್ರಾಂ ಅನ್ನು ಗ್ರಾಂ ಮಾಡಿಕೊಳ್ಳಿ: 0.0015. ಇದನ್ನು ಮರೆತರೆ ಉತ್ತರ ಸಾವಿರ ಪಟ್ಟು ಹೆಚ್ಚಾಗುತ್ತದೆ. ಫ್ಲೋರಿನ್‌ನ ಮೋಲಾರ್ ರಾಶಿ, ಅಂದರೆ ಒಂದು ಮೋಲ್‌ನ ತೂಕ, 19 ಗ್ರಾಂ. ಅದರಿಂದ ಭಾಗಿಸಿದರೆ 0.0000789 ಮೋಲ್. ಒಂದು ಮೋಲ್‌ನಲ್ಲಿ ಎಷ್ಟು ಕಣಗಳಿವೆ ಅಂತ ಹೇಳುವುದು ಅವೊಗಾಡ್ರೊ ಸಂಖ್ಯೆ; ಈಗ ಅದರಿಂದ, ಅಂದರೆ 6.022 ಗುಣಿಸು ಹತ್ತರ ಘಾತ 23ರಿಂದ, ಗುಣಿಸಿ. ಬಂದದ್ದು 4.75 ಗುಣಿಸು ಹತ್ತರ ಘಾತ 19. ನಮ್ಮ ಲೆಕ್ಕದಲ್ಲಿ ನಾಲ್ಕೂಮುಕ್ಕಾಲು ಲಕ್ಷ ಕೋಟಿ ಕೋಟಿ!

ಇಷ್ಟನ್ನು ಎಲ್ಲರೂ ಮಾಡುತ್ತಾರೆ. ಎಡವುವುದು ಸಂಯುಕ್ತ ಬಂದಾಗ.

ನೀರು ಪರೀಕ್ಷಿಸುವ ಮುನ್ನ ಫ್ಲೋರೈಡ್ ಅಳೆಯುವ ಮೀಟರನ್ನು ಹೊಂದಿಸಲು ಲೀಟರಿಗೆ 100 ಮಿಲಿಗ್ರಾಂ ಫ್ಲೋರೈಡ್ ಇರುವ ದ್ರಾವಣ ಬೇಕು. ಸೀಸೆಯಲ್ಲಿರುವುದು ಸೋಡಿಯಂ ಫ್ಲೋರೈಡ್. ನೂರು ಬೇಕಲ್ಲ ಅಂತ ಅದನ್ನೇ 100 ಮಿಲಿಗ್ರಾಂ ತೂಗಿ ಹಾಕಿದರೆ ಕೆಟ್ಟಿತು. ಸೋಡಿಯಂ 23, ಫ್ಲೋರಿನ್ 19, ಕೂಡಿದರೆ 42. ಆ ಪುಡಿಯಲ್ಲಿ ಫ್ಲೋರೈಡ್ ಇರುವುದು ಬರೀ 45 ಮಿಲಿಗ್ರಾಂ, ಮಿಕ್ಕದ್ದು ಸೋಡಿಯಂ. ಈ ದ್ರಾವಣಕ್ಕೆ ಹೊಂದಿಸಿದ ಮೀಟರ್ 1 ಮಿಲಿಗ್ರಾಂ ಇರುವ ನೀರನ್ನು 2.2 ಅಂತ ತೋರಿಸುತ್ತದೆ. ಕುಡಿಯಬಹುದಾದ ನೀರಿನ ಬಾವಿಗೂ ಬೀಗ ಬೀಳುತ್ತದೆ.

ಸರಿಯಾದ ದಾರಿ: 0.1 ಗ್ರಾಂ ಫ್ಲೋರೈಡನ್ನು 19ರಿಂದ ಭಾಗಿಸಿ ಮೋಲ್ ಮಾಡಿ. ಒಂದು ಸೋಡಿಯಂ ಫ್ಲೋರೈಡಿಗೆ ಒಂದೇ ಫ್ಲೋರೈಡ್, ಹಾಗಾಗಿ ಮೋಲ್ ಬದಲಾಗುವುದಿಲ್ಲ. ಅದನ್ನು 42ರಿಂದ ಗುಣಿಸಿ: 0.221 ಗ್ರಾಂ. ಒಣಗಿಸಿದ ಪುಡಿಯನ್ನು ಇಷ್ಟೇ ತೂಗಿ, ಭಟ್ಟಿ ಇಳಿಸಿದ ನೀರಿನಲ್ಲಿ ಕರಗಿಸಿ, ಒಂದು ಲೀಟರಿಗೆ ತುಂಬಿಸಿ. ಇದರಲ್ಲಿ 10 ಮಿಲಿಲೀಟರ್ ತೆಗೆದು ಮತ್ತೆ ಒಂದು ಲೀಟರ್ ಮಾಡಿದರೆ ಲೀಟರಿಗೆ 1 ಮಿಲಿಗ್ರಾಂ ಸಿಕ್ಕಿತು.

ಕ್ಯಾಲ್ಸಿಯಂ ಫ್ಲೋರೈಡ್ ಆದರೆ ಮೋಲ್ ಬದಲಾಗುತ್ತದೆ. ಅದರ ಮೋಲಾರ್ ರಾಶಿ 78, ಒಂದು ಕ್ಯಾಲ್ಸಿಯಂಗೆ ಎರಡು ಫ್ಲೋರೈಡ್. 39 ಗ್ರಾಂ ಕೊಟ್ಟರೆ ಸಂಯುಕ್ತ ಅರ್ಧ ಮೋಲ್, ಫ್ಲೋರೈಡ್ ಪೂರ್ತಿ ಒಂದು ಮೋಲ್. ಪರೀಕ್ಷೆಯಲ್ಲಿ ಅಂಕ ಹೋಗುವುದು ಈ ಎರಡರಿಂದ ಗುಣಿಸುವುದನ್ನು ಬಿಟ್ಟದ್ದಕ್ಕೇ. ಮೋಲ್ ಅಂತ ಬರೆದ ಕಡೆಯೆಲ್ಲ ಯಾವುದರ ಮೋಲ್ ಅಂತಲೂ ಪಕ್ಕದಲ್ಲಿ ಬರೆಯಿರಿ.

ಅಂದಹಾಗೆ, ಸೋಡಿಯಂ ಫ್ಲೋರೈಡ್ ವಿಷ. ಅಧ್ಯಾಪಕರು ಇಲ್ಲದಾಗ ಮುಟ್ಟಬೇಡಿ. ದ್ರಾವಣವನ್ನು ಪ್ಲಾಸ್ಟಿಕ್ ಬಾಟಲಿಯಲ್ಲೇ ಇಡಿ, ಫ್ಲೋರೈಡ್ ಗಾಜನ್ನು ತಿನ್ನುತ್ತದೆ. ನಮಸ್ಕಾರ.